ವಾಸಣ್ಣನ ವಾಚು ನನ್ನಲ್ಲಿದೆ

ಡೊಂಬಿವಲಿ ಪೂರ್ವ
ಗುರುವಾರ, ನವೆಂಬರ್ 13, 2025

ಪ್ರೀತಿಯ ನಳಿನಕ್ಕನಿಗೆ, ಪ್ರಣೀತಾಳ ನಮಸ್ಕಾರ.

ವಾಸಣ್ಣನ ವಾಚು ನನ್ನ ಕಪಾಟಿನಲ್ಲಿದೆ. ಈ ಒಂದು ವಾಕ್ಯವನ್ನು ಬಿಟ್ಟು ನಿಮಗೆ ಈಗಾಗಲೇ ಎರಡು ಕಾಗದ ಬರೆದಿದ್ದೆ. ನಿಮ್ಮ ಮಂಡಿನೋವು ವಿಚಾರಿಸಿದ್ದೆ, ವಾಶಿಯ ಆಫೀಸಿಗೆ ಹೊಸ ಮ್ಯಾನೇಜರು ಬಂದರೇ ಎಂದು ಕೇಳಿದ್ದೆ, ಇದನ್ನು ಮಾತ್ರ ಬರೆದಿರಲಿಲ್ಲ. ಎರಡನ್ನೂ ಹರಿದುಹಾಕಿದೆ. ಮೂರನೆಯದೂ ಹಾಗೆಯೇ ಆಗುವುದರಲ್ಲಿತ್ತು. ಅದಕ್ಕೇ ಮೊದಲ ಸಾಲಿನಲ್ಲೇ ಹೇಳಿಬಿಟ್ಟೆ.

ನಿಮ್ಮ ಮನೆಗೆಲಸದ ಶರಣಬಸಮ್ಮ ಅದನ್ನು ಕದ್ದಿಲ್ಲ. ಆಗಸ್ಟಿನಲ್ಲಿ ನಾನು ಅದನ್ನು ಆನ್‌ಲೈನಿನಲ್ಲಿ ಕೊಂಡೆ. ಮಾರಿದವನು ನಿಮ್ಮ ಮಗ ಯತಿನ್.

ಫೋನು ಮಾಡಬಹುದಿತ್ತು. ಆದರೆ ನೀವು ನಡುವೆ ಒಂದು ಸಲ "ಎಂತ ಹೇಳ್ತಾ ಇದ್ದಿ ನೀನು?" ಎಂದರೆ ಸಾಕು, ನಾನು ಮಾತು ತಿರುಗಿಸಿಬಿಡುತ್ತೇನೆ. ಮೆಸೇಜು ಕಳಿಸಿದರೆ ಮೊದಲು ಓದುವವನು ಯತಿನ್, ನಿಮ್ಮ ಫೋನು ಯಾವಾಗಲೂ ಅವನ ಕೈಯಲ್ಲೇ ಇರುತ್ತದೆ. ಆದ್ದರಿಂದ ಈ ಕಾಗದ ಮನೆಗಲ್ಲ, ನಿಮ್ಮ ಆಫೀಸಿಗೆ ಬರುತ್ತದೆ. ಬಾಯಲ್ಲಿ ನಮ್ಮದು ತುಳು, ಶಾಲೆಯಲ್ಲಿ ನನ್ನದು ಇಂಗ್ಲಿಷು. ಕನ್ನಡದ ಅಕ್ಷರ ನೀವು ಕಲಿಸಿದ್ದು, ಎಂಟೂ ಹನ್ನೆರಡರ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ, ಹಳೆಯ ಡೈರಿಯ ಹಿಂದಿನ ಪುಟಗಳಲ್ಲಿ. ಆ ಅಕ್ಷರಗಳಲ್ಲಿ ನಿಮಗೆ ಇಂಥದ್ದನ್ನು ಬರೆಯಬೇಕಾಯಿತು.

ಆದದ್ದು ಹೀಗೆ. ಸೆಪ್ಟೆಂಬರಿನಲ್ಲಿ ನಮ್ಮ ಮನೆಯವರಿಗೆ, ಕುಶಲರಿಗೆ, ಐವತ್ತು ತುಂಬುವುದಿತ್ತು. ಇಪ್ಪತ್ತಾರು ವರ್ಷ ವಾಗ್ಳೆ ಎಸ್ಟೇಟಿನ ನಮ್ಮ ಹೋಟೆಲಿನ ಗಲ್ಲೆಯಲ್ಲಿ ಕುಳಿತು, ಹಣ ಕೊಡುವ ಗಿರಾಕಿಗಳ ಮಣಿಕಟ್ಟು ನೋಡಿಯೇ ಯಾವುದು ಯಾವ ವಾಚು ಎಂದು ಹೇಳುತ್ತಾರೆ. ತಮಗೆಂದು ಒಂದು ತೆಗೆದುಕೊಂಡವರಲ್ಲ. ಹೊಸ ಒಮೆಗಾ ವಾಚು ನಮ್ಮ ಅಳವಿನ ಮಾತಲ್ಲ. ಉಪಯೋಗಿಸಿದ್ದು ಸಿಗುತ್ತದೆ ಎಂದು ನನ್ನ ಆಫೀಸಿನ ಸುನಿಲ ಹೇಳಿದ.

ನನ್ನ ಸ್ವಭಾವ ನಿಮಗೆ ಗೊತ್ತು. ಹದಿನೆಂಟು ವರ್ಷ ವಿಮೆ ಕಂಪನಿಯಲ್ಲಿ ಕ್ಲೇಮಿನ ಕಾಗದ ಪರೀಕ್ಷೆ ಮಾಡಿದವಳು. ಒಂದು ಪಟ್ಟಿ ಮಾಡಿಕೊಂಡೆ. ಮುಂಗಡ ಕೊಡಬಾರದು. ವಾಚಿನ ಮೇಲಿನ ನಂಬರು, ಗ್ಯಾರಂಟಿ ಕಾರ್ಡಿನ ನಂಬರು ಒಂದೇ ಇರಬೇಕು. ಅವತ್ತಿನ ತಾರೀಕು ಬರೆದ ಚೀಟಿಯ ಪಕ್ಕದಲ್ಲಿ ವಾಚು ಇಟ್ಟು ವಿಡಿಯೊ ಕಳಿಸಬೇಕು. ರಿಪೇರಿಯವರ ಎದುರು ಹಿಂಬದಿ ಬಿಚ್ಚಿಸಿ ನೋಡಬೇಕು. ಕೊನೆಯದು, ಬಿಲ್ಲಿನಲ್ಲಿರುವ ಹೆಸರು ಮಾರುವವನದ್ದೇ ಆಗಿರಬೇಕು, ಅಲ್ಲದಿದ್ದರೆ ಅವನಿಗೆ ಅದು ಹೇಗೆ ಬಂತೆಂದು ಕಾಗದ ಕೊಡಬೇಕು. ಆ ಪಟ್ಟಿಯಲ್ಲಿ ಕೊನೆಯದೊಂದನ್ನು ನಾನು ಬಿಟ್ಟೆ. ಮರೆತು ಅಲ್ಲ, ಬೇಕೆಂದೇ.

ಮಾರುವವನು ವೆಬ್‌ಸೈಟಿನಲ್ಲಿ ಬರೀ 'ವೈ' ಎಂದು ಹಾಕಿಕೊಂಡಿದ್ದ. ಬಿಲ್ಲಿನ ಫೋಟೋದಲ್ಲಿ ಹೆಸರಿನ ಮೇಲೆ ಹೆಬ್ಬೆರಳು ಇಟ್ಟಿದ್ದ. ನಾನು ಕೇಳಿದಂತೆ ವಿಡಿಯೊ ಕಳಿಸಿದ. ಮೇಜು, ಚೀಟಿ, ವಾಚು. ಇಪ್ಪತ್ತು ಸೆಕೆಂಡು. ಅದರ ಕೊನೆಯಲ್ಲಿ ಒಳಗಿನಿಂದ ಒಂದು ದನಿ ಕೇಳಿತು. "ಯತೀ, ವಣಸ್‌ಗ್ ಬಲಾ." ಊಟಕ್ಕೆ ಬಾ ಎಂದು ಮಗನನ್ನು ಕರೆಯುವ ದನಿ. ಅಕ್ಕಾ, ನಿಮ್ಮ ದನಿ ನನಗೆ ಗೊತ್ತಾಗದೆ ಇರುತ್ತದೆಯೇ? ನಾಲ್ಕು ಸಲ ಕೇಳಿದೆ. ಐದನೆಯ ಸಲ ಶಬ್ದ ನಿಲ್ಲಿಸಿ ಬರೀ ವಾಚು ನೋಡಿದೆ.

ಅವತ್ತು ನಿಮಗೆ ಯಾಕೆ ಫೋನು ಮಾಡಲಿಲ್ಲ? ಈ ಪ್ರಶ್ನೆಯನ್ನು ನಾನು ದಿನಾ ಕೇಳಿಕೊಂಡಿದ್ದೇನೆ. ಮೊದಲ ಉತ್ತರ ಒಳ್ಳೆಯದು. ವಾಸಣ್ಣ ತೀರಿಕೊಂಡ ಮೇಲೆ ಒಬ್ಬರೇ ಮನೆ ನಡೆಸುವ ನಿಮಗೆ ಅಡಚಣೆ ಇರಬಹುದು, ನೀವೇ ಮಗನ ಕೈಯಲ್ಲಿ ಮಾರಿಸುತ್ತಿರಬಹುದು ಎಂದುಕೊಂಡೆ. ನಮ್ಮವರಲ್ಲಿ ಹೀಗೆಲ್ಲ ಕೇಳುವ ರೂಢಿ ಇಲ್ಲವಲ್ಲ. ಯಾರ ಮನೆಯಲ್ಲಿ ಏನು ಕಡಿಮೆಯಾಗಿದೆ ಎಂದು ಗೊತ್ತಾದರೂ ಗೊತ್ತಾಗದ ಹಾಗೆ ಇರುವುದು, ಸದ್ದಿಲ್ಲದೆ ಒಂದು ದಾರಿ ಮಾಡಿಕೊಡುವುದು, ಇದನ್ನೇ ಮರ್ಯಾದೆ ಎಂದು ನನ್ನ ಅಮ್ಮ ಕಲಿಸಿದ್ದು. ನಾನು ಕೊಂಡರೆ ನಿಮ್ಮ ಮಾನ ಉಳಿಯುತ್ತದೆ, ವಾಚೂ ನಮ್ಮವರಲ್ಲೇ ಉಳಿಯುತ್ತದೆ ಎಂದು ಅಂದುಕೊಂಡೆ. ಎರಡನೆಯ ಉತ್ತರ ಅಷ್ಟು ಒಳ್ಳೆಯದಲ್ಲ. ಅವನು ಹೇಳಿದ ಬೆಲೆ ಬೇರೆಲ್ಲ ಕಡೆಗಿಂತ ಕಡಿಮೆ ಇತ್ತು. ಕೇಳಿದರೆ ಅದು ಕೈತಪ್ಪುತ್ತಿತ್ತು.

ವಾಚು ತಂದವನು ಜಯೇಶ್, ಯತಿನ್‌ನ ಗೆಳೆಯ. ಠಾಣೆ ಸ್ಟೇಷನ್ನಿನ ಹತ್ತಿರ ಮುರಾರಿ ಎಂಬ ರಿಪೇರಿಯವನ ಅಂಗಡಿಯಲ್ಲಿ ಭೇಟಿಯಾದೆವು. ಬಿಲ್ಲಿನ ಮೇಲೆ ಹೆಸರಿದ್ದಲ್ಲಿ ಈಗ ಕಪ್ಪು ಶಾಯಿ ಇತ್ತು. ಮುರಾರಿ ಭೂತಗನ್ನಡಿ ಕಣ್ಣಿಗಿಟ್ಟು ಬಹಳ ಹೊತ್ತು ನೋಡಿ, "ಮ್ಯಾಡಮ್, ವಾಚ್ ತೊ ಸಚ್ಚಾ ಹೈ. ಬೇಚನೇವಾಲೇ ಕೋ ಆಪ್ ದೇಖ್ ಲೋ" ಎಂದ. ವಾಚು ಸಾಚಾ, ಮಾರುವವನನ್ನು ನೀವು ನೋಡಿಕೊಳ್ಳಿ ಎಂದು. ನಾನು ನೋಡಿಕೊಳ್ಳಲಿಲ್ಲ. ಹಣ ಕಳಿಸಿದೆ.

ಕುಶಲರಿಗೆ ಎಷ್ಟು ಖುಷಿಯಾಯಿತು ಎಂದು ಬರೆಯಲು ಈಗ ಕೈ ಬರುವುದಿಲ್ಲ. ಗಿರಾಕಿಗಳು "ಕ್ಯಾ ಶೇಟ್, ಕಾಪಿಯಾ ಒರಿಜಿನಲಾ?" ಎಂದು ಕೆಣಕಿದರೆ, "ಹೆಂಡತಿ ಒರಿಜಿನಲ್, ಹಾಗಾಗಿ ಇದೂ ಒರಿಜಿನಲ್" ಅನ್ನುತ್ತಿದ್ದರಂತೆ.

ಅಕ್ಟೋಬರ್ 12, ವಾಸಣ್ಣನ ವರ್ಷಾಂತಿಕ. ಕಾಮೋಠೆಯ ನಿಮ್ಮ ಮನೆಗೆ ಹೊರಡುವಾಗ ನಾನು ಕುಶಲರ ಕೈಯಿಂದ ವಾಚು ಬಿಚ್ಚಿಸಿದೆ. ನೀರು, ಎಣ್ಣೆ ತಾಗುತ್ತದೆ ಎಂದೆ. "ಮದುವೆಗೂ ಬೇಡ, ಬೊಜ್ಜ ತಿಥಿಗೂ ಬೇಡ ಅಂದ್ರೆ ಇದನ್ನೆಂತ ಲಾಕರಿನಲ್ಲಿಟ್ಟು ಪೂಜೆ ಮಾಡ್ಲಿಕ್ಕಾ ಮಾರಾಯ್ತಿ?" ಎಂದು ನಕ್ಕರು. ನಾನೂ ನಕ್ಕೆ.

ಆಮೇಲಿನದ್ದನ್ನು ನೀವು ಕಂಡಿದ್ದೀರಿ. ಆದರೂ ನಾನು ನಿಂತ ಜಾಗದಿಂದ ಕಂಡದ್ದನ್ನು ಬರೆಯಬೇಕು. ಫೋಟೋದ ಮುಂದೆ ಎಲೆ ಹಾಕಿ ಬಡಿಸಿ ಆಗಿತ್ತು. ಕೋಳಿ ಸುಕ್ಕ, ಅವರ ಕಡಕ್ ಚಹಾ, ಕನ್ನಡಕ. ನಿಮ್ಮ ದೊಡ್ಡತ್ತೆ ಉಮಾವತಿ ಅಮ್ಮ, "ಅವನ ಗಡಿಯಾರವನ್ನೂ ಇಡಿ, ಅದು ಅವನಿಗೆ ಜೀವ" ಎಂದರು. ನೀವು ಒಳಗೆ ಹೋದಿರಿ. ಖಾಲಿ ಡಬ್ಬಿ ಹಿಡಿದು ಹೊರಗೆ ಬಂದಿರಿ. ನಿಮ್ಮ ಮುಖ ನೋಡಿದ ಆ ಗಳಿಗೆಯಲ್ಲಿ ನನ್ನ ಮೊದಲ ಉತ್ತರ ಸತ್ತುಹೋಯಿತು. ನಿಮಗೆ ಗೊತ್ತೇ ಇರಲಿಲ್ಲ.

ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದ ಶರಣಬಸಮ್ಮನನ್ನು ನೀವು ಕರೆದಿರಿ. "ನನ್ನ ಬೀರು ಮುಟ್ಟುವವಳು ನೀನೊಬ್ಬಳೇ ಅಲ್ವಾ?" ಎಂದಿರಿ. ಒಂಬತ್ತು ವರ್ಷ ನಿಮ್ಮ ಮನೆಯಲ್ಲಿ ದುಡಿದವಳು. ವಾಸಣ್ಣ ಹಾಸಿಗೆ ಹಿಡಿದ ನಾಲ್ಕು ತಿಂಗಳು ಅವರ ಮೈ ಒರೆಸಿದವಳು. ಯಾರೂ ಹೇಳದೆಯೇ ತನ್ನ ಚೀಲ ತಂದು ಎಲ್ಲರ ಎದುರು ನೆಲಕ್ಕೆ ಸುರಿದಳು. ಬಾಚಣಿಗೆ, ಬಿಪಿ ಗುಳಿಗೆ, ನೀವೇ ಕಟ್ಟಿಕೊಟ್ಟಿದ್ದ ಸುಕ್ಕದ ಪೊಟ್ಟಣ. ಯತಿನ್ ಬಾಗಿಲಿಗೆ ಒರಗಿ ನಿಂತಿದ್ದ. ನಾನು ಬಡಿಸುವ ಸೌಟು ಹಿಡಿದು ನಿಂತಿದ್ದೆ. ಬಾಯಿ ತೆರೆಯಬೇಕಾದವರು ನಾವಿಬ್ಬರೇ. ಇಬ್ಬರೂ ನೆಲ ನೋಡಿದೆವು.

ಮರುದಿನ ಯತಿನ್‌ನನ್ನು ವಾಶಿ ಸ್ಟೇಷನ್ನಿನಲ್ಲಿ ನಿಲ್ಲಿಸಿ ಕೇಳಿದೆ. ಫೋನಿನಲ್ಲಿ ಆಡುವ ಶೇರಿನ ಆಟದಲ್ಲಿ ಹಣ ಕಳೆದುಕೊಂಡಿದ್ದನಂತೆ. ಕೊಂಡವಳು ನಾನೆಂದು ಅವನಿಗೆ ಆವರೆಗೆ ಗೊತ್ತಿರಲಿಲ್ಲ. ನಾನು ವೆಬ್‌ಸೈಟಿನಲ್ಲಿ ಆಫೀಸಿನ ಸುನಿಲನ ಹೆಸರು ಹಾಕಿದ್ದೆ. "ಆಂಟಿ, ಪ್ಲೀಸ್, ಮಮ್ಮಿ ಕೋ ಮತ್ ಬತಾನಾ" ಎಂದು, ಅಮ್ಮನಿಗೆ ಹೇಳಬೇಡಿ ಎಂದು ಕೈ ಹಿಡಿದುಕೊಂಡ. ಡಿಸೆಂಬರಿನೊಳಗೆ ಎಲ್ಲ ಸರಿ ಮಾಡುತ್ತೇನೆ ಎಂದ. ಹಾಗಾದರೆ ಶರಣಬಸಮ್ಮ ಎಂದೆ. "ಪಪ್ಪನ ಫೋಟೋ ಎದುರಿಗೆ ಇತ್ತು ಆಂಟಿ, ಬೋಲ್ ನಹೀ ಪಾಯಾ, ಹೇಳ್ಲಿಕ್ಕೇ ಆಗ್ಲಿಲ್ಲ" ಎಂದು ಅತ್ತ. ನಾನು ಬಯ್ಯಬೇಕಿತ್ತು. ಬಯ್ಯುವ ಬಾಯಿ ನನಗೂ ಇರಲಿಲ್ಲ. ಆಯಿತು, ಡಿಸೆಂಬರ್ ಎಂದೆ. ನಾನು ವಾಚು ಕೊಂಡದ್ದಕ್ಕಿಂತ ದೊಡ್ಡ ತಪ್ಪು ಆ ಮಾತು.

ಡಿಸೆಂಬರಿಗೆ ಕಾಯುವುದು ಯಾರು? ನಾವಲ್ಲ. ನೀವು ದೂರು ಕೊಟ್ಟ ಸಂಜೆಯೇ ನಿಮ್ಮ ವಸತಿ ಸೊಸೈಟಿಯವರು, ಕೆಲಸದವರನ್ನು ಒಳಗೆ ಬಿಡುವ ಗೇಟಿನ ಆ್ಯಪ್‌ನಲ್ಲಿ ಶರಣಬಸಮ್ಮನ ಹೆಸರಿಗೆ ಕೆಂಪು ಗುರುತು ಹಾಕಿದರು. ನಿಮ್ಮ ಮನೆ ಒಂದೇ ಅಲ್ಲ, ಅದೇ ಸೊಸೈಟಿಯ ಇನ್ನೂ ನಾಲ್ಕು ಮನೆ ಅವಳ ಕೈತಪ್ಪಿತು. ಪಕ್ಕದ ಕಟ್ಟಡಗಳ ವಾಚ್‌ಮನ್‌ಗಳೂ ಅವಳ ಫೋಟೋ ನೋಡಿ ಒಳಗೆ ಬಿಡುತ್ತಿಲ್ಲ. ಮೊನ್ನೆ ನಿಮ್ಮ ಸೊಸೈಟಿಯ ಸೆಕ್ರೆಟರಿ ಸಂದೇಶರಿಗೆ, ಕಾರಣ ಹೇಳದೆ, ಆ ಗುರುತು ತೆಗೆಸುವುದು ಹೇಗೆಂದು ಫೋನು ಮಾಡಿ ಕೇಳಿದೆ. "ದೂರು ಕೊಟ್ಟವರೇ ಬರೆದುಕೊಡಬೇಕು, ಬೇರೆಯವರ ಮಾತು ನಡೆಯೋದಿಲ್ಲ" ಎಂದರು.

ಅದಕ್ಕೇ ಅಕ್ಕಾ, ಇದು ಬರೀ ತಪ್ಪೊಪ್ಪಿಗೆಯಾಗಿ ಮುಗಿದರೆ ಸಾಲದು. ನೀವು ಬರೆದುಕೊಡಬೇಕು. ಬರೆದುಕೊಟ್ಟರೆ ಹಾಗಾದರೆ ತೆಗೆದದ್ದು ಯಾರೆಂದು ಎಲ್ಲರೂ ಕೇಳುತ್ತಾರೆ. ಬರೆದುಕೊಡದಿದ್ದರೆ ಅವಳು ಕಳ್ಳಿಯಾಗಿಯೇ ಉಳಿಯುತ್ತಾಳೆ. ನಿಮ್ಮನ್ನು ಇಂಥ ಜಾಗದಲ್ಲಿ ತಂದು ನಿಲ್ಲಿಸಿದವಳು ನಾನು. ಆಗಸ್ಟಿನಲ್ಲಿ ಒಂದು ಫೋನು ಮಾಡಿದ್ದರೆ ನಿಮಗೆ ಮಗನ ಮೇಲೆ ಸಿಟ್ಟು ಬರುತ್ತಿತ್ತು, ಅಷ್ಟೇ. ನಾಲ್ಕು ಗೋಡೆಯೊಳಗೆ ಮುಗಿಯುತ್ತಿತ್ತು.

ನಿನ್ನೆ ಕುಶಲರಿಗೆ ಹೇಳಿದೆ. "ವಾಸಣ್ಣನದ್ದಾ?" ಎಂದು ಒಮ್ಮೆ ಕೇಳಿದರು. ಇಷ್ಟು ದಿನ, ಅಂಥದ್ದೇ ಇನ್ನೊಂದು ಎಂದುಕೊಂಡಿದ್ದರು. ಬಿಚ್ಚಿ, ಹೆಗಲ ಮೇಲಿನ ಬೈರಾಸಿನಲ್ಲಿ ಒರೆಸಿ, ನನ್ನ ಕೈಗೆ ಕೊಡದೆ ಮೇಜಿನ ಮೇಲಿಟ್ಟರು. ಊರಿನಿಂದ ಬಂದ ಹೊಸದರಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲಲು ತಮಗೆ ಕಲಿಸಿದವರು ವಾಸಣ್ಣ ಎಂದು ಅವರು ಹೇಳುವುದನ್ನು ನೀವೂ ಕೇಳಿದ್ದೀರಿ. ನಿನ್ನೆಯಿಂದ ನನ್ನೊಡನೆ ಬೇಕಾದಷ್ಟೇ ಮಾತು. ವಾಚು ಕೊಡಲು ತಾವೂ ಬರುವುದಾಗಿ ಹೇಳಿದ್ದಾರೆ. ಹಣದ ಮಾತು ನಮ್ಮಿಬ್ಬರ ಬಾಯಲ್ಲೂ ಬರುವುದಿಲ್ಲ. ನೀವು ಬಾ ಎಂದ ದಿನ ಬರುತ್ತೇವೆ. ಬೇಡ ಎಂದರೆ ಉಮಾವತಿ ಅಮ್ಮನ ಕೈಯಲ್ಲಿ ಕೊಟ್ಟು ಹೋಗುತ್ತೇವೆ.

ಕ್ಷಮಿಸಿ ಎಂದು ಬರೆದು ಹೊಡೆದುಹಾಕಿದೆ. ಅದನ್ನು ಮೊದಲು ಕೇಳಬೇಕಾದದ್ದು ಇನ್ನೊಬ್ಬಳ ಹತ್ತಿರ. ಭಾನುವಾರ ಅವಳಲ್ಲಿಗೆ ಹೋಗುತ್ತೇನೆ, ಆಮೇಲೆ ಇದನ್ನು ಕಳಿಸುತ್ತೇನೆ.

ಇನ್ನೂ ನಿಮ್ಮನ್ನು ಅಕ್ಕ ಎಂದೇ ಕರೆಯುವ,
ಪ್ರಣೀತಾ

ಮ.ವಿ.: ಭಾನುವಾರ ಸಂಜೆ. ಶರಣಬಸಮ್ಮನ ಖೋಲಿ ಹುಡುಕಿಕೊಂಡು ಹೋಗಿದ್ದೆ. ವಾಶಿ ಮಾರ್ಕೆಟಿನಿಂದ ತಂದ ಮೂಟೆ ಮುಂದಿಟ್ಟುಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದಳು, ಕೂಲಿಗೆ. ಕೂರಿ ಎನ್ನಲಿಲ್ಲ. ನಾನು ನಿಂತೇ ಎಲ್ಲ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. "ಗೊತ್ತದರಿ" ಎಂದಳು. "ಯತಿನಪ್ಪ ಡಬ್ಬಿಯಿಂದ ತಗದು ಕಿಸೇದಾಗ ಇಟ್ಕೊಂಡಿದ್ದು ನಾನೇ ನೋಡೀನಿ. ಕಸಬರಿಗಿ ಹಿಡ್ಕೊಂಡು ಬಾಗಲದಾಗ ನಿಂತಿದ್ದೆ." ಮತ್ತೆ ಅವತ್ತು ಯಾಕೆ ಹೇಳಲಿಲ್ಲ ಎಂದೆ. "ಹೇಳಬೇಕಂತ ಬಾಯಿ ತಗದಿದ್ದೆರಿ. ಅಕ್ಕೋರ ಗಂಡ ಅಲ್ಲೇ ಫೋಟೋದಾಗ. ಉಳಿದ ಮಗ ಕಳ್ಳ ಅಂದ್ರ ಅಕಿ ಯಾರ ಮಾರಿ ನೋಡಿ ಉಣಬೇಕು? ಸಿಟ್ಟಿಲ್ಲಂತ ತಿಳಿಬ್ಯಾಡ್ರಿ, ಭಾಳ ಅದ. ನಿಮ್ಮ ಮ್ಯಾಲೂ ಅದ. ಆದ್ರ ಕಾಗದ ಹಾಕಬ್ಯಾಡ್ರಿ, ಅಕಿ ತಡಕೊಳ್ಳಾಂಗಿಲ್ಲ." ವಾಪಸು ಬರುವಾಗ, ಅವಳೇ ಬೇಡ ಎಂದಳಲ್ಲ ಎಂದು ಒಂದು ಕ್ಷಣ ನನಗೆ ಹಾಯೆನಿಸಿತು. ಆ ಹಾಯೆನಿಸಿದ್ದಕ್ಕೇ ಹೆದರಿ ಈಗಲೇ ಲಕೋಟೆಗೆ ಅಂಟು ಹಚ್ಚುತ್ತಿದ್ದೇನೆ. ಸ್ಪೀಡ್ ಪೋಸ್ಟಿಗೆ ಹಾಕುವುದು ನಾಳೆ, ಸೋಮವಾರ, ನವೆಂಬರ್ 17, 2025.