ಕೆಂಪಂಚಿನ ರೊಟ್ಟಿಗಂಟು

ದ ಹೇಗ್, ಆಗಸ್ಟ್ 2013

ನಿಸರ್ಗ,

ಯುರೋಪ್ ಸುತ್ತಿ ಬಂದಿದ್ದೀಯೆಂದು ತಿಳಿಯಿತು. ರೊಟ್ಟಿ ಕಟ್ಟಿದ್ದ ಕೆಂಪಂಚಿನ ಬಟ್ಟೆಯನ್ನು ಒಗೆದು ಹಿಂದಿರುಗಿಸು. ಅದು ನಮ್ಮ ಅವ್ವನದು.

ನಾವು ಐವರೂ ಕೂಡಿ ಟ್ರಿಪ್ ಹೊರಡಬೇಕಿತ್ತು. ರಜೆ ಶುರುವಾದ ದಿನ ನೀನೇ ನನ್ನ ರೂಮಿಗೆ ಬಂದು, "ಟ್ರಿಪ್ ಕ್ಯಾನ್ಸಲ್ ಆಯ್ತು ಕಣೇ, ಶಮಂತ್‌ಗೆ ರಜಾ ಸಿಗ್ಲಿಲ್ಲ. ಟ್ರಿಪ್‌ಗೆ ಅಂತ ನಿಮ್ಮಮ್ಮ ಕಳ್ಸಿರೋ ರೊಟ್ಟಿ ಸುಮ್ನೆ ಕೆಟ್ಟೋಗುತ್ತೆ, ನಾನು ತಗೊಂಡೋಗ್ಲಾ?" ಎಂದೆ. ಖಡಕ್ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ನಿನ್ನ ಸಪ್ಪೆ ಮುಖ ನೋಡಲಾಗದೆ ಶೇಂಗಾ ಚಟ್ನಿಯ ಸಮೇತ ಇಡೀ ಗಂಟನ್ನೇ ಕೊಟ್ಟೆ.

ನಿನ್ನೆ ಶಮಂತ್ ಫೋಟೊ ಹಾಕಿದ್ದಾನೆ. ಪ್ರಾಗ್‌ನ ನದಿ ದಂಡೆಯಲ್ಲಿ ಅದೇ ಬಟ್ಟೆ ಹಾಸಿಕೊಂಡು ನೀವು ನಾಲ್ವರು ರೊಟ್ಟಿ ಮುರಿಯುತ್ತಿದ್ದೀರಿ. ಪ್ರಾಗ್‌ಗೆ ಹೋಗೋಣವೆಂದು ಹಟ ಹಿಡಿದವಳು ನಾನು. ನಾನು ಬರುವುದು ಬೇಡವೆಂದು ನೀನು ಮುಖಕ್ಕೆ ಹೇಳಿದ್ದರೂ ರೊಟ್ಟಿ ಕೊಟ್ಟೇ ಕಳಿಸುತ್ತಿದ್ದೆ.

ಬಟ್ಟೆಯನ್ನು ಬಾಗಿಲ ಹಿಡಿಕೆಗೆ ಸಿಕ್ಕಿಸಿ ಹೋಗು. ಬೆಲ್ ಒತ್ತಬೇಡ.

ಅವ್ವ ಫೋನ್ ಮಾಡಿದ್ದಳು. "ಎಲ್ಲಾರೂ ಕೂಡಿ ಉಂಡ್ರೇನವಾ?" ಎಂದು ಕೇಳಿದಳು. "ಹೂಂ ಅವ್ವಾ, ಎಲ್ಲಾರೂ ಉಂಡ್ರು" ಎಂದೆ. ಅವಳಿಗೆ ಬಹಳ ಖುಷಿಯಾಯಿತು. ಮುಂದಿನ ಸಲ ನಿನಗೆಂದೇ ಬೇರೆ ಗಂಟು ಕಟ್ಟುತ್ತಾಳಂತೆ.

ಶಿವಲೀಲಾ