ತೆನೆಯಂಚಿನ ಕಳವು

27 ಏಪ್ರಿಲ್ 2025, ರವಿವಾರ. ಇಳಕಲ್ಲ

ನೂಲು ಬಂತು. ಕೆಂಪು ಸರಿಯಿಲ್ಲ, ವಾಪಸ್ ಕಳಿಸಿದೆ. ಶ್ರೀಶೈಲ ಸುಮ್ಮನೆ ಇಟ್ಟುಕೊಳ್ಳುತ್ತಿದ್ದ. ನನ್ನ ಮಗನಿಗೆ ಬೇಡ ಎನ್ನಲು ಬರುವುದಿಲ್ಲ.

ಸೊಸೆ ದಾನೇಶ್ವರಿ ಊಟವಾದದ್ದೇ ಮತ್ತೆ ಲ್ಯಾಪ್‌ಟಾಪ್ ಮುಂದೆ. ನಾನು ಗ್ರಾಫ್ ಹಾಳೆಯ ಮೇಲೆ ತೆಗೆದ ಜೋಳದ ತೆನೆಯ ಅಂಚನ್ನು ಅದರೊಳಗೆ ಇಳಿಸುತ್ತಿದ್ದಾಳೆ. ಒಂದು ಚೌಕ, ಒಂದು ಎಳೆ. ಅಂಚು ಇಳಿಸುವ ಆ ಸಾಫ್ಟ್‌ವೇರ್ ಮಾಡಿದ್ದು ಇವಳು ಮತ್ತು ಕಾಲೇಜಿನ ಗೆಳತಿ ಅಲ್ಮಾಸ. ಅಲ್ಮಾಸಳನ್ನು ಕೊಟ್ಟದ್ದು ಗುಡೂರಿಗೆ. ಆ ಮನೆಯಲ್ಲೂ ಮಗ್ಗ. ಇದು ನನಗೆ ಮೊದಲಿನಿಂದಲೂ...

"ಓಪನ್ ಸೋರ್ಸ್ ಅತ್ತಿ. ಯಾರ ಬೇಕಾದ್ರೂ ನೋಡಬಹುದು, ತಿದ್ದಬಹುದು."

"ನಮ್ಮ ಅಂಚ?"

"ಅಯ್ಯ, ಅಂಚಲ್ರಿ. ಸಾಫ್ಟ್‌ವೇರ್. ಅಂಚು ಈ ಲ್ಯಾಪ್‌ಟಾಪ್ ಬಿಟ್ಟು ಹೊರಗ ಹೋಗೂದಿಲ್ಲ."

ಮೈಮುರಿದು ಮಾಡಿದ ಕೆಲಸವನ್ನು ಊರಿಗೆಲ್ಲ ಪುಕ್ಕಟೆ ಹಂಚುವವರು ಅಂಚನ್ನು ಮಾತ್ರ ಬಚ್ಚಿಡುತ್ತಾರೆಯೇ? ನಕ್ಕಳು. ನನಗೆ ನಗು ಬರಲಿಲ್ಲ.

30 ಏಪ್ರಿಲ್. ಬಸವ ಜಯಂತಿ

ಹೊಸ ಅಂಚಿನ ಹಾಳೆ ಮೊದಲು ಬಸವಣ್ಣನ ಪಟದ ಮುಂದೆ, ಆಮೇಲೆ ಮಗ್ಗಕ್ಕೆ. ನಮ್ಮತ್ತೆಯ ಕಾಲದಿಂದ ಈ ಮನೆಯ ರೀತಿ. ವಿಭೂತಿ ಹಚ್ಚಿ ಇಟ್ಟೆ. ಸೇವಂತಿಗೆ ಮಾಲೆ ಹಾಕಿದ ಮೇಲೆ ಪಟ ಎಷ್ಟು ಚಂದ! ಫೋಟೊ ಹೊಡೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ಸಂಜೆಯವರೆಗೂ ಕೈಮುಗಿದ ಎಮೋಜಿಗಳು. ಶಾಲೆಯ ನಾಗಲಿಂಗ ಮಾಸ್ತರರದೂ ಬಂತು.

ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ದಾನೇಶ್ವರಿ ಆನ್‌ಲೈನ್. ಅಲ್ಮಾಸಳೂ ಆನ್‌ಲೈನ್. ಇಬ್ಬರ ಹೆಸರೂ ವಾಟ್ಸಾಪಿನಲ್ಲಿ ತೆಗೆದು ನೋಡಿದೆ.

9 ಜೂನ್, ಸೋಮವಾರ

ಮನೆಗೆ ಬಂದವಳೇ ಇದನ್ನು ಬರೆಯಲು ಕುಳಿತೆ.

ತಂಗಿಯನ್ನು ನೋಡಲು ಬಾದಾಮಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಪಟ್ಟದಕಲ್ಲಿನ ಬಸ್ಸಿನಿಂದ ಒಬ್ಬಾಕೆ ಇಳಿದಳು. ಅವಳ ಸೀರೆಯ ಅಂಚು — ನನ್ನ ತೆನೆ. ತುದಿಯ ಕಾಳು ಎಡಕ್ಕೆ ವಾಲಿದೆ. ಅದು ನನ್ನ ಕೈಯ ಚಾಳಿ. ಪವರ್‌ಲೂಮ್ ಮಾಲು. ನಾವು ಮೊದಲ ಹತ್ತು ಸೀರೆ ಒಟ್ಟಿಗೇ ಅಂಗಡಿಗೆ ಕೊಡೋಣವೆಂದು ಇನ್ನೂ ಒಂದನ್ನೂ ಹೊರಗೆ ಬಿಟ್ಟಿಲ್ಲ!

"ಎಲ್ಲಿ ತಗೊಂಡಿ ತಂಗಿ?"

"ಗುಡೂರಾಗ್ರಿ ಯವ್ವಾ. ಹೊಸಾ ಡಿಜೈನ್ ಅಂದ್ರು."

ಗುಡೂರು. ಇನ್ನೇನು ಕೇಳುವುದು.

10 ಜೂನ್

ಬೆಳಿಗ್ಗೆ ದಾನೇಶ್ವರಿಯ ಕೈಯಿಂದಲೇ ಅಲ್ಮಾಸಳಿಗೆ ಫೋನ್ ಹಚ್ಚಿಸಿದೆ. ಸ್ಪೀಕರ್ ಹಾಕಿಸಿದೆ.

"ನಮ್ಮ ಅಂಚು ಯಾರಿಗೆ ಕೊಟ್ಟಿ?"

"ಅಮ್ಮಾರ, ನಾ ಆ ಅಂಚು ನೋಡೇ ಇಲ್ರಿ. ಖರೇನ..."

ಕಳ್ಳಿ ಎಂದೆ. ಅತ್ತಳು. ಅಳುವುದು ಎಲ್ಲರಿಗೂ ಬರುತ್ತದೆ.

ದಾನೇಶ್ವರಿ ಲ್ಯಾಪ್‌ಟಾಪ್ ತಂದು ಮುಂದಿಟ್ಟಳು. "ನೋಡ್ರಿ, ಫೈಲ್ ಯಾರು ತೆಗೆದ್ರು, ಯಾವಾಗ ತೆಗೆದ್ರು, ಎಲ್ಲಾ ಇದರಾಗ ಇರ್ತದ. ನನ್ನ ಹೆಸರು ಒಂದ ಅದ."

"ಸಾಫ್ಟ್‌ವೇರೂ ನಿಮ್ಮದು, ಸಾಕ್ಷಿನೂ ನಿಮ್ಮದು. ಚಲೋ ಆತು."

"ಹಂಗಾರ ನೀವ ಇಟ್ಕೋರಿ. ಮತ್ತ ಅದನ್ನ ಮುಟ್ಟಿದ್ರ ಕೇಳ್ರಿ."

ತಿಜೂರಿಯಲ್ಲಿಟ್ಟು ಕೀಲಿ ಹಾಕಿದೆ. ಶನಿವಾರ ಇಬ್ಬರೂ ಬಾಗಲಕೋಟೆಯ ಕಾಲೇಜಿನಲ್ಲಿ ಆ ಸಾಫ್ಟ್‌ವೇರ್ ತೋರಿಸಬೇಕಿತ್ತಂತೆ. ಹೋಗಕೂಡದು ಎಂದೆ. ಶ್ರೀಶೈಲ "ಅವ್ವಾ..." ಎಂದ, ಎದ್ದು ಮಗ್ಗಕ್ಕೆ ಹೋಗಿ ಕೂತ.

14 ಜೂನ್, ಶನಿವಾರ

ಹೋಗಲಿಲ್ಲ. ಅಲ್ಮಾಸ ಒಬ್ಬಳೇ ನಿಂತು ತೋರಿಸಿದಳಂತೆ. ದಾನೇಶ್ವರಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾಳೆ. ಲಾಸ್ಟ್ ಸೀನ್ ಮುಚ್ಚಿಟ್ಟಿದ್ದಾಳೆ. ಏನೂ ಇಲ್ಲದಿದ್ದರೆ ಮುಚ್ಚುವುದೇಕೆ?

17 ಜೂನ್, ಮಂಗಳವಾರ. ಮಧ್ಯಾಹ್ನ

ರಂಗವ್ವನ ಫೋನು. ನನ್ನ ಚಿಕ್ಕಪ್ಪನ ಮಗಳು. ಗುಡೂರಿನಲ್ಲಿ ಗಂಡನದು ಪವರ್‌ಲೂಮ್. ಅವಳ ನೆನಪೇ ನನಗಾಗಿರಲಿಲ್ಲ.

"ಅಕ್ಕಾ, ನಿನ್ನ ತೆನಿ ಸೀರಿ ಭಾಳ ಓಡಾಕತ್ತಾವ! ಕಮತಗಿಯಿಂದನೂ ಕೇಳಾಕತ್ತಾರ."

"ನಿನಗೆಲ್ಲಿ ಸಿಕ್ತು ಅದು?"

"ಅಯ್ಯ, ಜಯಂತಿ ದಿನ ನೀನ ಸ್ಟೇಟಸ್ ಇಟ್ಟಿದ್ದಿಲ್ಲೇನು? ಬಸವಣ್ಣನ ಮುಂದ ಹಾಳಿ ಇತ್ತಲ್ಲ. ಸ್ಕ್ರೀನ್‌ಶಾಟ್ ಹೊಡಕೊಂಡೆ. ದೊಡ್ಡದ ಮಾಡಿದ್ರ ಒಂದೊಂದ ಚೌಕಾನೂ ಕಾಣ್ತದ. ಅಕ್ಕ ಎಲ್ಲಾರಿಗೂ ತೋರಿಸ್ಯಾಳಂದ್ರ ಬ್ಯಾಡ ಅಂತಾಳೇನು, ಅಂತ ನಮ್ಮವರಿಗೆ ಕೊಟ್ಟೆ. ಸಿಟ್ಟಿಲ್ಲಲಾ?"

ಆ ದಿನದ ಫೋಟೊ ತೆರೆದೆ. ಎರಡು ಬೆರಳಿಂದ ಹಿಗ್ಗಿಸಿದೆ. ಹೂವಿನ ಕೆಳಗೆ ಹಾಳೆ. ಚೌಕ ಚೌಕ. ವಾಲಿದ ಕಾಳು.

ನಾನೇ.

ಅದೇ ದಿನ, ಸಂಜೆ

ದಾನೇಶ್ವರಿ ರೊಟ್ಟಿ ಬಡಿಯುತ್ತಿದ್ದಳು. ಲ್ಯಾಪ್‌ಟಾಪ್ ತಂದು ಪಕ್ಕದಲ್ಲಿಟ್ಟೆ.

"ಏನ್ರಿ ಅತ್ತಿ, ಕಳ್ಳಿ ಸಿಕ್ಕಳೇನು?"

"ಸಿಕ್ಕಳು. ನಿನ್ನ ಮುಂದ ನಿಂತಾಳ."

ಎಲ್ಲ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ತಿರುವಿದಳು.

"ನನಗ ಹೇಳಿದ್ರಿ, ಆತು. ಅಕಿಗೆ ಅಂದದ್ದು?"

"ಫೋನ್ ಹಚ್ಚು, ಹೇಳ್ತೇನಿ."

"ಫೋನಿನ್ಯಾಗ ಕಳ್ಳಿ ಅಂದ್ರಿ. ಇದೂ ಫೋನಿನ್ಯಾಗೇನು? ನಾಳೆ ಕರಸ್ತೇನಿ. ಎದುರಿಗೆ ಹೇಳ್ರಿ."

ಈ ಮನೆಯಲ್ಲಿ ನನಗೆ ಹೀಗೆ ಮಾಡಿರಿ ಎಂದು ಹೇಳಿದವರಿಲ್ಲ. ಹ್ಞೂಂ ಎಂದೆ.

18 ಜೂನ್. ಬೆಳಿಗ್ಗೆ

ಅಲ್ಮಾಸ ಬರುವುದಿಲ್ಲ ಎಂದುಕೊಂಡೆ. ಬರದಿದ್ದರೆ ಚೆನ್ನಾಗಿತ್ತು ಎಂದೂ ಅನಿಸಿತು. ಶ್ರೀಶೈಲ ಮಗ್ಗ ನಿಲ್ಲಿಸಿದ್ದಾನೆ, ಕೇಳಿಸಿಕೊಳ್ಳಲು. ಇರಲಿ. ಕಳ್ಳಿ ಎಂದದ್ದೂ ಅವನ ಎದುರಿಗೇ.

ಅಂಗಳದಲ್ಲಿ ಅವಳ ದನಿ — "ಅಮ್ಮಾರ ಅದಾರೇನ್ರಿ?" ದಾನೇಶ್ವರಿ ಅಡಿಗೆಮನೆಯಿಂದ ಹೊರಗೆ ಬರುತ್ತಿಲ್ಲ. ಬೇಕೆಂದೇ. ನಾನೇ ಏಳಬೇಕು. ಮೊದಲ ಮಾತು ಬಾ ಎನ್ನುವುದೋ, ಇಲ್ಲ ಮೊದಲೇ ತಪ್ಪಾಯಿತು ಎನ್ನುವುದೋ? ಏಳುತ್ತೇನೆ.