ಬಟ್ಟೆ ಸುತ್ತಿದ ಬಳೆ

ಚಿಂತಾದ್ರಿಪೇಟೆ, ಮದರಾಸು
೧೬ ನವೆಂಬರ್ ೧೯೫೮

ಪ್ರೀತಿಯ ಅಕ್ಕನಿಗೆ ಕೋಮಳಾ ಮಾಡುವ ನಮಸ್ಕಾರ.

ಉತ್ತರ ತಡವಾಯಿತೆಂದು ಬೈಯಬೇಡ. ಬೈಯುವುದಾದರೂ ಪೂರ್ತಿ ಓದಿ ಬೈಯಿ. ನಾನು ಬಸುರಿ ಎಂದು ನಿನ್ನ ಕಿವಿಗೆ ಬಿದ್ದ ಸುದ್ದಿ ಸುಳ್ಳು. ನನಗಿರುವುದು ಕ್ಷಯ.

ಹೆದರಬೇಡ, ವಾಸಿಯಾಗುತ್ತಿದೆ. ಈಗ ಆಸ್ಪತ್ರೆ ಸೇರಬೇಕಿಲ್ಲ. ಕ್ಲಿನಿಕ್ಕಿನ ನರ್ಸಮ್ಮ ಗ್ರೇಸ್ ಮನೆಗೇ ಬಂದು, ಮಾತ್ರೆ ನುಂಗಿದೆನೋ ಇಲ್ಲವೋ ನೋಡಿ ಹೋಗುತ್ತಾರೆ. ಅವರ ಚೀಲ ನೋಡಿ ಎದುರುಮನೆ ರುಕ್ಕು ಮಾಮಿ, "ಏನ್ರೀ ವಿಶೇಷ, ನರ್ಸು ಬಂದಂಗಿದೆ?" ಅಂದರು. ಆಗ ನಾದಿನಿ ವೇದಾಳ ಮದುವೆಯ ಮಾತು ನಡೆಯುತ್ತಿತ್ತು. ಮನೆಯಲ್ಲಿ ಕ್ಷಯ ಅಂದರೆ ಗಂಡಿನವರು ಇತ್ತ ತಲೆ ಹಾಕುತ್ತಾರೆಯೇ? ಅತ್ತೆ ಥಟ್ಟನೆ, "ಎಂಟು ವರ್ಷದ ಮೇಲೆ ದೇವರು ಕಣ್ಣು ಬಿಟ್ಟ ಕಣ್ರೀ" ಅಂದುಬಿಟ್ಟರು.

ಆಮೇಲೆ ಮಾತ್ರೆ ನುಂಗಿ ನಾನು ವಾಂತಿ ಮಾಡಿಕೊಂಡರೆ ಬೀದಿಗೆಲ್ಲ ಸಂಭ್ರಮ! ಏಳನೇ ತಿಂಗಳೆಂದು ಅತ್ತೆ ನನ್ನ ಸೀರೆಯೊಳಗೆ ಹಳೇ ಪಂಚೆ ಸುತ್ತಿದರು, ಮಾಮಿಯೇ ಮುಂದೆ ನಿಂತು ಬಳೆ ತೊಡಿಸಿದರು. ಬಳೆ ತೊಟ್ಟವಳು ತವರಿಗೆ ಹೋಗಬೇಕಲ್ಲ? ಅಮ್ಮ ಹೋದ ಮೇಲೆ ನನಗೆ ತವರೆಂದರೆ ನೀನೇ. ಆದರೆ ನಿಮ್ಮ ಕುಂಭಕೋಣದಲ್ಲಿ ಈ ಔಷಧಿ ಕೊಡುವವರು ಯಾರು? ಬೀದಿಯೆಲ್ಲ ನೋಡುವಂತೆ ನನ್ನನ್ನು ಟ್ರಂಕಿನ ಸಮೇತ ಜಟಕಾ ಹತ್ತಿಸಿದರು. ಇವರು ಸಮುದ್ರದ ದಂಡೆಯಲ್ಲಿ ಸುತ್ತಾಡಿಸಿ, ಹೆಂಗಸರೆಲ್ಲ ಹರಿಕಥೆಗೆ ಹೋದ ಹೊತ್ತಿಗೆ ಹಿತ್ತಲ ಬಾಗಿಲಿಂದ ಒಳಗೆ ತಂದು ಬಿಟ್ಟರು.

ಅಂದಿನಿಂದ ಹಿಂದಿನ ಕೋಣೆಯೇ ನನ್ನ ತವರು. ಕಿಟಕಿ ಮುಚ್ಚಿದೆ, ಉಸಿರು ಕಟ್ಟುತ್ತದೆ. ಕೆಮ್ಮು ಬಂದರೆ ದಿಂಬು ಕಚ್ಚಿಕೊಳ್ಳುತ್ತೇನೆ. ಹೆರಿಗೆಗೆ ಮುಂಚೆ ಬಳೆ ತೆಗೆಯಬಾರದಂತೆ. ಸದ್ದಾಗದಿರಲೆಂದು ಅತ್ತೆ ಬಟ್ಟೆ ಸುತ್ತಿದ್ದಾರೆ. ಇಲ್ಲದ ಕೂಸಿಗೂ ಶಾಸ್ತ್ರ ತಪ್ಪಬಾರದು, ನೋಡು! ನರ್ಸಮ್ಮ ಈಗ ಬರುವುದು ಅತ್ತೆಯ ಮಂಡಿನೋವಿಗೆ. ಅದಕ್ಕೆಂದೇ ಪಾಪ, ಅತ್ತೆ ಬೀದಿಯಲ್ಲಿ ಕುಂಟುತ್ತಾರೆ.

"ಇವಳಿಗೆ ಗಾಳಿ ಬೇಕಮ್ಮ, ಕಿಟಕಿ ತೆಗೀರಿ" ಎಂದು ನರ್ಸಮ್ಮ ಗದರಿದರೆ, ಅತ್ತೆ "ಮದುವೆ ಒಂದು ಮುಗೀಲಿ ತಾಯೀ, ಗೋಡೇನೇ ಒಡೆಸ್ತೀನಿ" ಅನ್ನುತ್ತಾರೆ. ಈ ಕಾಗದವನ್ನು ಟಪಾಲಿಗೆ ಹಾಕುವವರೂ ನರ್ಸಮ್ಮನೇ.

ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ವೇದಾಳ ಮದುವೆಯಾದ ಮೇಲೆ ಮಗು ಉಳಿಯಲಿಲ್ಲವೆಂದು ಬೀದಿಗೆ ಹೇಳುತ್ತಾರೆ. ಆಗ ನಾನು ನಿನ್ನ ಮನೆಯಿಂದ ವಾಪಸು ಬಂದಂತೆ ಲೆಕ್ಕ. ಅಲ್ಲಿಯವರೆಗೆ ನೀನು ಇತ್ತ ಬರಬೇಡ. ಯಾರಾದರೂ ಕೇಳಿದರೆ, ಕೋಮಳಾ ಒಳಗೆ ಮಲಗಿದ್ದಾಳೆ ಎನ್ನು. ಅದೇನು ಸುಳ್ಳಲ್ಲ, ಮನೆ ಬೇರೆ ಅಷ್ಟೆ.

ಭಾವನಿಗೆ ನಮಸ್ಕಾರ. ನಿನ್ನ ಮಕ್ಕಳು ನೂರು ವರ್ಷ ಬಾಳಲಿ.

ನಿನ್ನ ತಂಗಿ,
ಕೋಮಳಾ

ಮತ್ತೊಂದು ಮಾತು: ಕೂಸಿಗೆಂದು ಕುಲಾವಿ ಹೊಲಿದಿದ್ದೇನೆ ಅಂತ ಬರೆದಿದ್ದೆಯಲ್ಲ, ಅದನ್ನು ಬಿಚ್ಚಬೇಡ, ನನಗೆ ಕಳಿಸು. ಇಷ್ಟು ವರ್ಷ ಬಂಜೆಯೆಂದು ಯಾವ ಬಳೆ ಶಾಸ್ತ್ರಕ್ಕೂ ಕರೆಯದ ರುಕ್ಕು ಮಾಮಿ ಅವತ್ತು ನನ್ನ ಕೆನ್ನೆಗೆ ಚಂದನ ಹಚ್ಚಿ, "ಬಳೆ ಸದ್ದು ಒಳಗಿರೋ ಕೂಸಿಗೆ ಕೇಳುತ್ತೆ ಕಣೇ, ಆಡಿಸ್ತಾ ಇರು" ಅಂದರು. ಮನೆಯಲ್ಲಿ ಯಾರೂ ಇಲ್ಲದಾಗ ನಾನು ಬಟ್ಟೆ ಬಿಚ್ಚಿ ಬಳೆ ಆಡಿಸುತ್ತೇನೆ ಅಕ್ಕಾ. ತೈ ತಿಂಗಳಲ್ಲಿ ಎಲ್ಲರ ಮುಂದೆ ನಾನು ಅಳಬೇಕಂತೆ, ಅತ್ತೆ ಹೇಳಿಕೊಟ್ಟಿದ್ದಾರೆ. ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.